ಉಕ್ಕು, ಉಪ್ಪು ಮತ್ತು ಒಂದು ಮೀನಿನ ಚಾಕು

ನಮ್ಮ ಮಾತಿನಲ್ಲಿ ಒಂದು ತಮಾಷೆ ಇದೆ. 'ಸ್ಟೀಲ್' ಅಂದ್ರೆ ನಮಗೆ ಹೊಳೆಯೋ ಲೋಟ, ಡಬ್ಬಿ, ಊಟದ ತಟ್ಟೆ. ಕರ‍್ರಗಿರೋ ಕತ್ತಿ, ಕುಡುಗೋಲು, ಮೆಟ್ಟುಗತ್ತಿ ಎಲ್ಲಾ ಬರೀ 'ಕಬ್ಬಿಣ'. ಲೋಹಶಾಸ್ತ್ರ ಓದಿದವರನ್ನ ಕೇಳಿ ನೋಡಿ, ಆ ಕರಿ ಕತ್ತಿಯೇ ಹಳೇ ಅರ್ಥದ ಉಕ್ಕು ಅಂತಾರೆ. ಹೊಳೆಯೋ ಲೋಟದ್ದು ಕ್ರೋಮಿಯಂ ಬೆರೆಸಿದ, ನೂರು ಚಿಲ್ಲರೆ ವರ್ಷದ ಹೊಸ ಜಾತಿ. ಇನ್ನೂ ತಮಾಷೆ ಅಂದ್ರೆ, ಇಂಗ್ಲಿಷಿನವರು ಹಿಂದೂಸ್ತಾನದ ಉಕ್ಕಿಗೆ 'ವುಟ್ಜ್' ಅಂತ ಹೆಸರಿಟ್ಟರಲ್ಲ, ಅದು ನಮ್ಮ 'ಉಕ್ಕು' ಶಬ್ದವೇ ತಪ್ಪಾಗಿ ಹೋದ ರೂಪ ಅನ್ನೋದು ಬಹಳ ಜನ ಒಪ್ಪೋ ವಿವರಣೆ. ಶಬ್ದ ನಾವು ಕೊಟ್ಟಿದ್ದು, ಆಮೇಲೆ ನಾವೇ ಅದನ್ನ ಬಿಟ್ಟು 'ಸ್ಟೀಲ್' ಅಂದಿದ್ದು.

ಈ ಶಬ್ದದ ಗೊಂದಲ ಈಗ ಯಾಕೆ ಅಂದ್ರೆ, ನನ್ನ ಆಫೀಸಿನ ಗೆಳೆಯನೊಬ್ಬ ಮೀನಿನ ಚಾಕು ಕೊಳ್ಳಲಿಕ್ಕೆ ಹೊರಟಿದ್ದಾನೆ. ಕುಮಟಾ ಕಡೆಯವನು. ಬೆಂಗಳೂರಲ್ಲಿ ವಾರಪೂರ್ತಿ ಲ್ಯಾಪ್‌ಟಾಪು, ರಜೆ ಸಿಕ್ಕಿದರೆ ಸಮುದ್ರದ ಬಂಡೆ ಮೇಲೆ ಕೂತು ಗಾಳ. ಹಿಡಿದ ಮೀನಿನ ಮುಳ್ಳು ಬಿಡಿಸಿ ಮಾಂಸದ ಪಟ್ಟಿ ತೆಗೀಲಿಕ್ಕೆ ಒಂದು ಗಟ್ಟಿಮುಟ್ಟಾದ ಫಿಲೆಟ್ ಚಾಕು ಬೇಕಂತೆ. ನನಗೊಂದು ಲಿಂಕ್ ಕಳಿಸಿದ: ಮೈತುಂಬ ನೀರಿನ ಅಲೆಯಂಥ ಗೆರೆಗಳಿರೋ 'ಡಮಾಸ್ಕಸ್' ಚಾಕು. "ಇದು ನಮ್ಮದೇ ಉಕ್ಕಂತಲ್ಲ ಮಾರಾಯಾ, ಸಾವಿರ ವರ್ಷದ್ದು. ತಕೊಳ್ಳಲಾ?" ಅಂದ.

ನಾನು ಉಮ್ಮಚಗಿಯವನು. ಯಲ್ಲಾಪುರ ತಾಲೂಕಿನ ಅಡಿಕೆ ತೋಟದ ಊರು, ಘಟ್ಟದ ಮೇಲೆ. ನಮ್ಮ ಮನೆ ಮೀನು ತಿನ್ನೋ ಮನೆಯೂ ಅಲ್ಲ. ಅಂಥವನನ್ನ ಮೀನಿನ ಚಾಕಿನ ಬಗ್ಗೆ ಕೇಳಿದ್ದು ಯಾಕೆ ಅಂದ್ರೆ, ಹಳೇ ಕಬ್ಬಿಣದ ಕಥೆ ಹುಡುಕೋ ಹುಚ್ಚು ನನಗಿದೆ ಅಂತ ಅವನಿಗೆ ಗೊತ್ತು. ಅವನಿಗೆ ಫೋನಿನಲ್ಲಿ ಕೊಟ್ಟ ಉತ್ತರ ಉದ್ದ ಆಯ್ತು. ಅದನ್ನೇ ಇಲ್ಲಿ ಬರೀತಿದ್ದೇನೆ. ಯಾಕಂದ್ರೆ 'ಬಾಳಿಕೆ ಬರೋದು' ಅಂದ್ರೆ ಏನು ಅನ್ನೋ ಪ್ರಶ್ನೆ ಚಾಕಿಗೆ ಮಾತ್ರ ಸೇರಿದ್ದಲ್ಲ.

ಮೊದಲು ಅವನ ಹೆಮ್ಮೆಯ ಮಾತು. ಅದರಲ್ಲಿ ಹುರುಳಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ವರ್ಷಗಟ್ಟಲೆ ಇದ್ದ. ಅವನಿಗೆ ಬಂದ ಕಾಗದಗಳು ಕೈರೋದ ಹಳೇ ಸಿನಗಾಗ್ ಒಂದರ ಉಗ್ರಾಣದಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದಿದ್ದು ಈ ಕಾಗದಗಳ ಬೆನ್ನು ಹತ್ತಿಯೇ. ಮಂಗಳೂರಿನ ಕಡೆಯಿಂದ ಏಡನ್‌ಗೆ ಹಡಗಿನಲ್ಲಿ ಹೋಗ್ತಿದ್ದ ಸರಕಲ್ಲಿ ಮೆಣಸು, ಅಡಿಕೆ ಜೊತೆ ಕಬ್ಬಿಣವೂ ಇತ್ತು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ದುವಾರ್ತೆ ಬಾರ್ಬೋಸಾ ಭಟ್ಕಳದ ವ್ಯಾಪಾರದ ಬಗ್ಗೆ ಬರೆಯುವಾಗಲೂ ಅಕ್ಕಿ, ಸಕ್ಕರೆ ಜೊತೆ ಕಬ್ಬಿಣದ ಮಾತು ಬರುತ್ತೆ. ಅಂದ್ರೆ ನನ್ನ ಗೆಳೆಯ ಗಾಳ ಹಾಕೋ ಇದೇ ಕರಾವಳಿಯ ಬಂದರುಗಳಿಂದಲೇ ಕಬ್ಬಿಣ ಉಪ್ಪುನೀರು ದಾಟಿ ಅರಬರ ನಾಡಿಗೆ ಹೋಗಿದೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಈ ನಾಡಿನ ಬೆಳೆ, ಕಸುಬು, ಗಣಿ ಎಲ್ಲಾ ನೋಡಿಕೊಂಡು ಬಾ ಅಂತ ಕಳಿಸಿತು. 1801ರಲ್ಲಿ ಅವನು ನಮ್ಮ ಯಲ್ಲಾಪುರ, ಸೋಂದಾ ದಾರಿಯಲ್ಲೂ ಹಾದುಹೋದ, ತೋಟಗಳ ಲೆಕ್ಕ ಬರೆದುಕೊಂಡ. ಉಕ್ಕು ಮಾಡೋದನ್ನ ಅವನು ವಿವರವಾಗಿ ಬರೆದಿದ್ದು ಮಧುಗಿರಿ, ಚನ್ನರಾಯನದುರ್ಗದ ಕಡೆ. ಆ ಕೆಲಸದ ತಿರುಳು ಇಷ್ಟು: ಮೆದು ಕಬ್ಬಿಣದ ತುಂಡನ್ನ ಕಟ್ಟಿಗೆ ಚೂರು, ಎಲೆ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚೋದು, ತಿದಿ ಊದಿ ಗಂಟೆಗಟ್ಟಲೆ ಕಾಯಿಸೋದು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರುತ್ತೆ, ಇಡೀ ಗಟ್ಟಿ ಕರಗುತ್ತೆ. ಸಿಗೋ ಉಕ್ಕಲ್ಲಿ ಇಂಗಾಲ ಶೇ. 1ಕ್ಕಿಂತ ಜಾಸ್ತಿ. ಸರಿಯಾಗಿ ಬಡಿದರೆ ಆ ಇಂಗಾಲವೇ ಅಲೆಅಲೆಯಾದ ಗೆರೆಗಳಾಗಿ ಮೇಲೆ ಕಾಣುತ್ತೆ.

ಇದರ ಮಾದರಿ ತುಂಡುಗಳು ಮುಂಬೈಯಿಂದ ಲಂಡನ್ನಿಗೆ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ 'ವುಟ್ಜ್' ಬಗ್ಗೆ ಪ್ರಬಂಧ ಓದಿದ. ಜೇಮ್ಸ್ ಸ್ಟೊಡಾರ್ಟ್ ಅನ್ನೋ ಲಂಡನ್ನಿನ ಚಾಕು ವ್ಯಾಪಾರಿ, ಯುರೋಪಿನ ಯಾವ ಉಕ್ಕಿಗಿಂತಲೂ ನನಗೆ ಇದೇ ಮೇಲು ಅಂತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿಕೊಂಡ. ಇದೇ ಸ್ಟೊಡಾರ್ಟ್ ಜೊತೆ ಸೇರಿ ಮೈಕೆಲ್ ಫ್ಯಾರಡೆ ವುಟ್ಜ್‌ನ ಗುಟ್ಟು ಹುಡುಕಲಿಕ್ಕೆ ಹೊರಟ. ಹೌದು, ಮುಂದೆ ವಿದ್ಯುತ್ತಿನಿಂದ ಹೆಸರಾದ ಫ್ಯಾರಡೆಯೇ. ಅವನ ಅಪ್ಪ ಕಮ್ಮಾರ. 1820ರಲ್ಲೂ 1822ರಲ್ಲೂ ಇಬ್ಬರೂ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿದ ಪ್ರಯೋಗಗಳನ್ನ ಪ್ರಕಟಿಸಿದರು. ಆ ಪಟ್ಟಿಯಲ್ಲಿ ಕ್ರೋಮಿಯಂ ಕೂಡ ಇತ್ತು. ಈ ಹೆಸರು ನೆನಪಿಟ್ಟುಕೊಳ್ಳಿ.

ಇಲ್ಲಿವರೆಗಿನ ಕಥೆ ವಾಟ್ಸ್ಯಾಪಲ್ಲಿ ಚೆನ್ನಾಗಿ ಓಡುತ್ತೆ. ಓಡದೇ ಇರೋ ಮಾತು ಇದು: ಆ ಉಕ್ಕಿಗೆ ತುಕ್ಕು ಹಿಡೀತಿತ್ತು. ಹಿಡಿಯದೇ ಇರಲಿಕ್ಕೆ ಅದರಲ್ಲಿ ಕಾರಣವೇ ಇಲ್ಲ. ಇಂಗಾಲ ಉಕ್ಕಿಗೆ ಗಡಸು ಕೊಡುತ್ತೆ, ತುಕ್ಕಿನಿಂದ ಕಾಪಾಡೋದಿಲ್ಲ. ಆ ಕತ್ತಿಗಳು ಇವತ್ತಿಗೂ ಮ್ಯೂಸಿಯಮ್ಮುಗಳಲ್ಲಿ ಹೊಳೀತಿವೆ ಅಂದ್ರೆ, ತಲೆಮಾರುಗಟ್ಟಲೆ ಯಾರೋ ಎಣ್ಣೆ ಹಚ್ಚಿ ಒರೆಸಿಟ್ಟಿದ್ದಾರೆ ಅಂತ ಅರ್ಥ.

ಹಾಗಾದ್ರೆ ತುಕ್ಕು ಹಿಡಿಯದ ಕಬ್ಬಿಣ ನಮ್ಮಲ್ಲಿ ಇರಲೇ ಇಲ್ವಾ? ಇತ್ತು. ಕೊಡಚಾದ್ರಿ ಹತ್ತಿದವರು ಅಲ್ಲಿ ಮೂಲ ಮೂಕಾಂಬಿಕೆ ಗುಡಿ ಹತ್ತಿರದ ಕಬ್ಬಿಣದ ಕಂಬ ನೋಡಿರ್ತೀರಿ. ಸಮುದ್ರದ ಕಡೆಯಿಂದ ಬರೋ ಗಾಳಿ, ಮಲೆನಾಡಿನ ಮಳೆ ಎರಡನ್ನೂ ತಿಂದು ನಿಂತಿದೆ. ದೆಹಲಿಯ ಕಂಬ ಸುಮಾರು 1600 ವರ್ಷದಿಂದ ಬಯಲಲ್ಲಿದೆ. ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿದ್ದು, ಮೇಲ್ಮೈಯಲ್ಲಿ ಒಂದು ತೆಳು ಪದರ ಕಟ್ಟಿ ಒಳಗಿನದನ್ನ ಕಾಪಾಡ್ತಿದೆ ಅಂತ ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ಆದರೆ ಇವೆಲ್ಲ ಬಡಿದು ಬೆಸೆದ ಮೆದು ಕಬ್ಬಿಣ. ಕಂಬಕ್ಕೆ ಬಾಯಿ ಬೇಡ, ಹರಿತ ಬೇಡ. ಆ ಕಬ್ಬಿಣದಲ್ಲಿ ಚಾಕು ಮಾಡಿದರೆ ಒಂದು ಬಂಗಡೆ ಕೊಯ್ಯೋದರೊಳಗೆ ಮೊಂಡಾಗುತ್ತೆ.

ನನಗೆ ಈ ಇತಿಹಾಸದಲ್ಲಿ ಕಂಡ ಮುಖ್ಯ ಸಂಗತಿ ಇದೇ. ಹರಿತ ನಿಲ್ಲೋ ಉಕ್ಕು ನಮ್ಮಲ್ಲಿತ್ತು. ತುಕ್ಕು ಹಿಡಿಯದ ಕಬ್ಬಿಣವೂ ನಮ್ಮಲ್ಲಿತ್ತು. ಎರಡೂ ಗುಣ ಒಂದೇ ಚಾಕಿನಲ್ಲಿ ಇರಲಿಲ್ಲ. ನಮ್ಮಲ್ಲಿ ಮಾತ್ರ ಅಲ್ಲ, ಜಗತ್ತಿನಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಎರಡನ್ನೂ ಸೇರಿಸಲಿಕ್ಕೆ ಹಿಡಿದ ಸಮಯ ನೋಡಿದರೆ ಆಶ್ಚರ್ಯ ಆಗುತ್ತೆ. 1821ರಲ್ಲೇ ಫ್ರಾನ್ಸಿನ ಪಿಯರ್ ಬರ್ತಿಯೆ ಕ್ರೋಮಿಯಂ ಬೆರೆಸಿದ ಕಬ್ಬಿಣ ಆಮ್ಲಕ್ಕೆ ಜಗ್ಗೋದಿಲ್ಲ ಅಂತ ಕಂಡುಕೊಂಡ, ಚಾಕು ಮಾಡಲಿಕ್ಕೆ ಒಳ್ಳೇದು ಅಂತಲೂ ಸೂಚಿಸಿದ. ಆದರೆ ಆಗಿನ ಕ್ರೋಮಿಯಂ ಮಿಶ್ರಲೋಹದಲ್ಲಿ ಇಂಗಾಲ ಜಾಸ್ತಿ ಸೇರಿಕೊಂಡು ಅದು ಪೆಡಸಾಗ್ತಿತ್ತು. 1892ರಲ್ಲಿ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕ್ರೋಮಿಯಂ ಉಕ್ಕನ್ನ ಕಡಕ್ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ ನೋಡಿ, ಕ್ರೋಮಿಯಂ ಸೇರಿಸಿದರೆ ಸವೆತ ಇನ್ನೂ ಹೆಚ್ಚು ಅಂತ ತೀರ್ಮಾನ ಕೊಟ್ಟ. ಅವನ ಪರೀಕ್ಷೆಯಲ್ಲಿ ಕಂಡಿದ್ದು ನಿಜವೇ, ಆದರೆ ಪರೀಕ್ಷೆಗೆ ಆರಿಸಿದ ವೈರಿ ಬೇರೆ. ಅಡಿಗೆಮನೆಯಲ್ಲಿ ಯಾರೂ ಸಲ್ಫ್ಯೂರಿಕ್ ಆಮ್ಲ ಇಟ್ಟುಕೊಳ್ಳೋದಿಲ್ಲ.

ಕೊನೆಗೆ 1913ರ ಆಗಸ್ಟಿನಲ್ಲಿ ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆ ಬೇಗ ಸವೆಯದ ಉಕ್ಕು ಹುಡುಕ್ತಾ ಒಂದು ಪಾಕ ಎರೆದ: ಕ್ರೋಮಿಯಂ ಶೇ. 12.8, ಇಂಗಾಲ ಶೇ. 0.24. ಅದು ಆಮ್ಲಕ್ಕೆ ಮಣಿಯಲಿಲ್ಲ. ವಿನೆಗರ್, ನಿಂಬೆರಸಕ್ಕೂ ಕಲೆ ಬೀಳಲಿಲ್ಲ. ಅವನು ಇದನ್ನ 'ರಸ್ಟ್‌ಲೆಸ್' ಅಂತಿದ್ದ. ಚಾಕು ಕಾರ್ಖಾನೆಯೊಂದರ ಅರ್ನೆಸ್ಟ್ ಸ್ಟುವರ್ಟ್ 'ಸ್ಟೇನ್‌ಲೆಸ್' ಅಂದ, ಅದೇ ನಿಂತಿತು. ಆದರೆ ಶೆಫೀಲ್ಡಿನ ಹಳೇ ಚಾಕುಗಾರರು ಮೂಗು ಮುರಿದರು. ಬ್ರಿಯರ್ಲಿಗೆ 'ಕೊಯ್ಯದ ಚಾಕು ಕಂಡುಹಿಡಿದವನು' ಅಂತ ಅಡ್ಡಹೆಸರು ಬಿತ್ತು. ತುಕ್ಕು ಇಲ್ಲ, ಹರಿತವೂ ಇಲ್ಲ. ಸರಿಯಾದ ಶಾಖದಲ್ಲಿ ಹದ ಮಾಡೋದು ಕಲಿತ ಮೇಲೆ ಹರಿತ ಬಂತು. ಸ್ವಿಟ್ಜರ್ಲೆಂಡಿನ ಎಲ್ಸೆನರ್ ಮನೆಯವರ ಕಂಪನಿ ಈ ಹೊಸ ಉಕ್ಕನ್ನ ಹಿಡಿದುಕೊಂಡು 1921ರಲ್ಲಿ ತನ್ನ 'ವಿಕ್ಟೋರಿಯಾ' ಹೆಸರಿಗೆ ಫ್ರೆಂಚಿನ 'ಇನಾಕ್ಸ್' ಸೇರಿಸಿ 'ವಿಕ್ಟೊರಿನಾಕ್ಸ್' ಆಯಿತು. ಇನಾಕ್ಸ್ ಅಂದ್ರೆ ತುಕ್ಕು ಹಿಡಿಯದ್ದು. ಸಮುದ್ರವೇ ಇಲ್ಲದ ದೇಶದವರು ಇವತ್ತು ಲೋಕಕ್ಕೆಲ್ಲ ಮೀನಿನ ಚಾಕು ಮಾರ್ತಾರೆ. ಉಮ್ಮಚಗಿಯವನು ಅದರ ಬಗ್ಗೆ ಬರೆದರೆ ತಪ್ಪೇನಿಲ್ಲ ಬಿಡಿ.

ಈಗ ಉಪ್ಪಿನ ಮಾತು. ಉಕ್ಕಲ್ಲಿ ಕ್ರೋಮಿಯಂ ಸುಮಾರು ಶೇ. 10.5 ದಾಟಿದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ತಾನಾಗಿ ಕಟ್ಟುತ್ತೆ. ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತೆ. ಸ್ಟೇನ್‌ಲೆಸ್‌ನ ಗುಟ್ಟು ಇಷ್ಟೇ. ಆದರೆ ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಅದರ ಕ್ಲೋರೈಡ್ ಈ ಪದರವನ್ನ ಅಲ್ಲಲ್ಲಿ ಚುಚ್ಚುತ್ತೆ. ಇಡೀ ಚಾಕು ಹೊಳೀತಾ ಇರುತ್ತೆ, ಒಂದೆರಡು ಕಡೆ ಮಾತ್ರ ಸೂಜಿಮೊನೆಯಷ್ಟು ಕರಿ ಚುಕ್ಕೆ. ಕೆಳಗೆ ಗುಳಿ ಬಿದ್ದಿರುತ್ತೆ. ಒಣಗಿದ ರಕ್ತ, ಹುರುಪೆ ಅಂಟಿದ ಜಾಗದಲ್ಲಿ ಇದು ಬೇಗ. ಹಾಗಾಗಿ ಸಮುದ್ರದ ಹತ್ತಿರ ಸ್ಟೇನ್‌ಲೆಸ್ ಅಂದ್ರೆ 'ಕಲೆ ಕಡಿಮೆ' ಅಂತ ಓದಿಕೊಳ್ಳಬೇಕು.

ಇನ್ನೊಂದು ಲೆಕ್ಕ ಇದೆ. ಹರಿತ ನಿಲ್ಲಲಿಕ್ಕೆ ಇಂಗಾಲ ಬೇಕು. ಆದರೆ ಇಂಗಾಲ ಕ್ರೋಮಿಯಂ ಜೊತೆ ಗಂಟು ಹಾಕಿಕೊಳ್ಳುತ್ತೆ. ಗಂಟು ಬಿದ್ದ ಕ್ರೋಮಿಯಂ ತುಕ್ಕು ಕಾಯಲಿಕ್ಕೆ ಸಿಗೋದಿಲ್ಲ. ಡಿ2 ಅನ್ನೋ ಉಕ್ಕಲ್ಲಿ ಕ್ರೋಮಿಯಂ ಶೇ. 12ರ ಆಸುಪಾಸು, ಇಂಗಾಲ ಶೇ. 1.5. ಅಂಕಿ ನೋಡಿದರೆ ಸ್ಟೇನ್‌ಲೆಸ್ ಅನ್ನಿಸುತ್ತೆ, ಉಪ್ಪುನೀರಲ್ಲಿ ತುಕ್ಕು ಹಿಡಿಯುತ್ತೆ. 440ಸಿಯಲ್ಲಿ ಕ್ರೋಮಿಯಂ 17, ಇಂಗಾಲ 1ರ ಹತ್ತಿರ. ಹರಿತ ನಿಲ್ಲುತ್ತೆ, ಆದರೆ ಆರೈಕೆ ಕೇಳುತ್ತೆ. 420 ಜಾತಿಯವು ಅಗ್ಗ, ತುಕ್ಕಿಗೆ ಗಟ್ಟಿ, ಬೇಗ ಮೊಂಡು. ಇವುಗಳ ನಡುವೆ ಇರೋದು ಜರ್ಮನ್ ಅಡಿಗೆ ಚಾಕುಗಳ 1.4116: ಇಂಗಾಲ ಅರ್ಧ ಶೇಕಡಾ, ಕ್ರೋಮಿಯಂ 15ರ ಹತ್ತಿರ, ಸ್ವಲ್ಪ ಮಾಲಿಬ್ಡಿನಂ. ಮಾಲಿಬ್ಡಿನಂ ಕ್ಲೋರೈಡಿನ ಗುಳಿಯನ್ನ ತಡೆಯುತ್ತೆ. ಇಂಗಾಲದ ಬದಲು ಸಾರಜನಕದಿಂದ ಗಡಸು ತರೋ ಎಲ್‌ಸಿ200ಎನ್ ಥರದ ಹೊಸ ಉಕ್ಕುಗಳೂ ಬಂದಿವೆ. ಹರಿತ, ತುಕ್ಕು ಎರಡರ ಜಗಳವನ್ನ ಅವು ತಕ್ಕಮಟ್ಟಿಗೆ ಬಿಡಿಸಿವೆ, ಬೆಲೆ ಮಾತ್ರ ಕೈ ಸುಡುತ್ತೆ.

ಗೆಳೆಯ ಕಳಿಸಿದ 'ಡಮಾಸ್ಕಸ್' ಏನು ಅಂತ ವಿವರ ತೆರೆದು ಓದಿದೆ. 1095 ಮತ್ತು 15ಎನ್20 ಅನ್ನೋ ಎರಡು ಉಕ್ಕನ್ನ ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ತೆಗೆದಿದ್ದು. ಮೊದಲನೇದು ಸಾದಾ ಇಂಗಾಲದ ಉಕ್ಕು, ಎರಡನೇದಕ್ಕೆ ಸ್ವಲ್ಪ ನಿಕಲ್. ತುಕ್ಕು ತಡೆಯೋವಷ್ಟು ಕ್ರೋಮಿಯಂ ಎರಡರಲ್ಲೂ ಇಲ್ಲ. ಚೆಂದದ ಕೆಲಸವೇ, ಆದರೆ ಅದು ಮೂಸೆಯಲ್ಲಿ ಕರಗಿದ ನಮ್ಮ ಉಕ್ಕಲ್ಲ. ಆಗಿದ್ದರೂ ಬಂಡೆ ಮೇಲಿನ ಕೆಲಸಕ್ಕೆ ಬರ್ತಿರಲಿಲ್ಲ. ಇತಿಹಾಸದ ಹೆಮ್ಮೆಯನ್ನ ಗೆರೆ ಬರೆದು ಮಾರೋರು ಇದ್ದಾರೆ. ಆ ಹೆಮ್ಮೆ ಉಪ್ಪುನೀರನ್ನ ತಡೆಯೋದಿಲ್ಲ.

ಅವನಿಗೆ ಇನ್ನೊಂದು ಪ್ರಶ್ನೆ ಕೇಳಿದೆ: ನಿನಗೆ ಫಿಲೆಟ್ ಚಾಕು ನಿಜಕ್ಕೂ ಬೇಕಾ? ನಮ್ಮ ಕರಾವಳಿಯ ಅಡಿಗೆಯಲ್ಲಿ ಮುಳ್ಳು ಬಿಡಿಸಿ ಪಟ್ಟಿ ತೆಗೆಯೋ ಪದ್ಧತಿ ಕಡಿಮೆ. ಇಸ್ವಾಣವನ್ನ ನಡುಮುಳ್ಳು ಸಮೇತ ಅಡ್ಡ ಕೊಯ್ದು ಹೋಳು ಮಾಡ್ತಾರೆ. ಬಂಗಡೆ, ತಾರ್ಲೆ ಇಡಿಯಾಗಿಯೇ ಸಾರಿಗೆ. ಕಾರವಾರ, ಅಂಕೋಲೆ ಪೇಟೆಯಲ್ಲಿ ಮೀನು ಕೊಯ್ದು ಕೊಡೋ ಹೆಂಗಸರ ಮುಂದೆ ಇರೋದು ಮೆಟ್ಟುಗತ್ತಿ. ಮಣೆಯನ್ನ ಕಾಲಲ್ಲಿ ಒತ್ತಿ ಹಿಡಿದರೆ ಕತ್ತಿ ಅಲ್ಲಾಡೋದಿಲ್ಲ, ಎರಡೂ ಕೈ ಮೀನಿಗೆ. ಲೋಳೆಗೆ ಜಾರೋ ಹಿಡಿಯೇ ಅಲ್ಲಿಲ್ಲ. ಮರಾಠಿಯ ವಿಳಿ, ಬಂಗಾಳಿಯ ಬೊಟಿ ಇದೇ ಕುಲದ್ದು.

ಘಟ್ಟದ ಮೇಲೆ ಇದೇ ಮೆಟ್ಟುಗತ್ತಿ ಅಡಿಕೆ ಸುಲಿಯುತ್ತೆ. ಕೊನೆಗೌಡ ಇಳಿಸಿದ ಹಸಿ ಅಡಿಕೆಯನ್ನ ಸುಗ್ಗಿಯಲ್ಲಿ ರಾತ್ರಿವರೆಗೆ ಕೂತು ಸುಲೀತಾರೆ. ಅಡಿಕೆಯ ಚೊಗರಿಗೆ ಕೈಯೂ ಕಪ್ಪು, ಕತ್ತಿಯೂ ಕಪ್ಪು. ಆ ಚೊಗರಲ್ಲಿರೋ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕರಿ ಪದರ ಕಟ್ಟುತ್ತೆ. ಹಳೇ ಕಾಲದ ಶಾಯಿ ಮಾಡ್ತಿದ್ದಿದ್ದೂ ಇದೇ ರಸಾಯನದಿಂದ. ಈ ಪದರ ತುಕ್ಕನ್ನ ಸ್ವಲ್ಪ ತಡೆಯುತ್ತೆ ಕೂಡ. ಒಂದೇ ಉಕ್ಕು, ಒಂದೇ ಆಕಾರ: ಮೇಲೆ ಅಡಿಕೆಯ ರಸ ಅದಕ್ಕೆ ಅಂಗಿ ತೊಡಿಸುತ್ತೆ, ಕೆಳಗೆ ಸಮುದ್ರದ ಉಪ್ಪು ಅದನ್ನ ತಿನ್ನುತ್ತೆ. ಹ್ಯಾಡ್‌ಫೀಲ್ಡ್ ಕಥೆಯ ಪಾಠವೂ ಇದೇ. ಬಾಳಿಕೆ ಅನ್ನೋದು ಉಕ್ಕಿನ ಗುಣ ಮಾತ್ರ ಅಲ್ಲ, ಅದು ಯಾರ ಜೊತೆ ಸೆಣಸಬೇಕು ಅನ್ನೋದರ ಮೇಲೂ ನಿಂತಿದೆ.

ಹಾಗಾದ್ರೆ ಕೆಳಗಿನವರ ಕರಿ ಮೆಟ್ಟುಗತ್ತಿ ಉಪ್ಪಲ್ಲೂ ವರ್ಷಗಟ್ಟಲೆ ಬರೋದು ಹೇಗೆ? ದಿನಾ ಕೆಲಸ ಮಾಡುತ್ತೆ, ದಿನಾ ತೊಳೀತಾರೆ, ಕಲ್ಲಿಗೆ ಉಜ್ಜುತ್ತಾರೆ. ತುಕ್ಕು ಕೂರಲಿಕ್ಕೆ ಪುರುಸೊತ್ತು ಸಿಗೋದಿಲ್ಲ. ಬಾಯಿ ಹೋದರೆ ಆಚಾರಿ ಹತ್ತಿರ ಒಯ್ದು ಕಾಯಿಸಿ ಬಡಿಸಿ ಹೊಸ ಹದ ಹಾಕಿಸ್ತಾರೆ. ಊರ ಆಚಾರಿಗಳು ಈಗ ಬಳಸೋದು ಹೆಚ್ಚಾಗಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ, ಅದೂ ಒಳ್ಳೇ ಇಂಗಾಲದ ಉಕ್ಕೇ. ನನ್ನ ಆಯಿ ಕೈಗೆ ಕತ್ತಿ ಕೊಡುವಾಗೆಲ್ಲ ಹೇಳೋದು ಒಂದೇ ಮಾತು: "ತಮಾ, ಕತ್ತಿ ಮೇಲೆ ನೀರು ಕೂರಲೆ ಬಿಡಡ." ಮೂಸೆಯ ಉಕ್ಕಿನ ಕತ್ತಿಗಳನ್ನ ಉಳಿಸಿದ್ದೂ ಇದೇ ಬುದ್ಧಿ.

ಈಗ ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿವೆ. ಮುಚ್ಚಿದ ಕಡೆ ಕತ್ತಿ ಎಸೆದು ಹೊಸದು ತರೋದೇ ದಾರಿ. ನಗರದಲ್ಲಿ ಸಾಣೆ ಹಿಡಿಯೋನ ಸೈಕಲ್ಲೂ ಅಪರೂಪ. ಇದರ ನಡುವೆ 'ಆರೈಕೆ ಬೇಡದ ಚಾಕು' ಅನ್ನೋ ಜಾಹೀರಾತು ಹಿತವಾಗಿ ಕೇಳಿಸುತ್ತೆ. ಆದರೆ ಅಂಥ ಚಾಕನ್ನ ಯಾರೂ ಮಾಡಿಲ್ಲ. ಒಂದಕ್ಕೆ ತುಕ್ಕಿನ ಆರೈಕೆ ಜಾಸ್ತಿ, ಇನ್ನೊಂದಕ್ಕೆ ಮಸೆಯೋ ಆರೈಕೆ ಜಾಸ್ತಿ. ಯಾವ ಆರೈಕೆ ನಿಮ್ಮ ಕೈಲಾಗುತ್ತೆ ಅನ್ನೋದನ್ನ ಆರಿಸಬಹುದು, ಅಷ್ಟೇ.

ಗೆಳೆಯ ವರ್ಷಕ್ಕೆ ಆರೇಳು ಸಲ ಸಮುದ್ರಕ್ಕೆ ಹೋಗೋನು. ಉಳಿದ ದಿನ ಚಾಕು ಚೀಲದಲ್ಲಿ ಮಲಗಿರುತ್ತೆ. ದಿನಾ ಉಜ್ಜೋರಿಗೆ ಹೊಂದೋ ಕರಿ ಉಕ್ಕು ಅವನಿಗೆ ಹೊಂದೋದಿಲ್ಲ. ಹಾಗಾಗಿ ನಾನು ಹೇಳಿದ್ದು: ನಡುವಿನ ಜಾತಿಯ ಸ್ಟೇನ್‌ಲೆಸ್, 1.4116 ಥರದ್ದು. ಏಳು ಇಂಚಿನ ತೆಳು, ಬಾಗೋ ಅಲಗು. ಹಿಡಿ ಮರದ್ದು ಬೇಡ, ನೀರು ಕುಡಿದು ಉಬ್ಬುತ್ತೆ, ಒಳಗೆ ಕಾಣದ ತುಕ್ಕು. ಅಲಗಿಗೆ ಸಂದಿಲ್ಲದ ಹಾಗೆ ಎರಕ ಹೊಯ್ದ, ತರಿತರಿಯಾದ ಪ್ಲಾಸ್ಟಿಕ್ ಹಿಡಿಯೇ ಸರಿ. ಚರ್ಮದ ಒರೆ ಬೇಡ, ಅದು ಉಪ್ಪನ್ನ ಹಿಡಿದಿಟ್ಟುಕೊಳ್ಳುತ್ತೆ. ಐಸ್ ಪೆಟ್ಟಿಗೆಯೊಳಗೆ ಮೀನಿನ ಜೊತೆ ಚಾಕು ಬಿಡಬೇಡ. ಕೆಲಸ ಮುಗಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ. ಆ ತೆಳು ಅಲಗಿನಿಂದ ನಡುಮುಳ್ಳು ಕಡಿಯಲಿಕ್ಕೆ ಹೋಗಬೇಡ, ಬಾಯಿ ಚಕ್ಕೆ ಏಳುತ್ತೆ. ಅದಕ್ಕೆ ನಿಮ್ಮ ಮನೆಯ ಮೆಟ್ಟುಗತ್ತಿ ಇದೆಯಲ್ಲ. ಚಾಕಿಗೆ ಕೊಟ್ಟು ಉಳಿದ ದುಡ್ಡಲ್ಲಿ ಒಂದು ಒಳ್ಳೇ ಸಾಣೆಕಲ್ಲು ತಕೋ. ಮೊಂಡು ಚಾಕು ಮೀನಿನ ಮೇಲೆ ಜಾರಿ ಬೆರಳಿಗೆ ಬರುತ್ತೆ.

"ಡಮಾಸ್ಕಸ್ ಬೇಡವೇ ಬೇಡ್ವಾ?" ಅಂತ ಇನ್ನೂ ಆಸೆಯಿಂದ ಕೇಳಿದ. ತಕೋ, ಆದರೆ ಮನೆಯಲ್ಲಿ ಈರುಳ್ಳಿ ಹೆಚ್ಚಲಿಕ್ಕೆ, ಒರೆಸಿಡೋ ತಾಳ್ಮೆ ಇದ್ದರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಣೆಕಲ್ಲು ಎಷ್ಟು ನಂಬರಿಂದು ತರಬೇಕು ಅಂತ ಕೇಳಿದ. ಸಾವಿರದ್ದು ಸಾಕು ಅಂದೆ.